ವಾಯಿದೆ ವಕೀಲರ ಪಾಟೀ ಸವಾಲು

ನಮ್ಮ ಸೋದರಮಾವನಿಗೆ ಕೋರ್ಟಿನಲ್ಲಿ ‘ವಾಯಿದೆ ವಕೀಲರು’ ಅಂತ ಹೆಸರು. ಇಟ್ಟವರು ಯಾರೋ ಗೊತ್ತಿಲ್ಲ, ಸಂತೋಷವಾಗಿ ಒಪ್ಪಿಕೊಂಡವರು ಅವರೇ. ಕೇಸು ಕರೆದಾಗ ಎದ್ದು ನಿಂತು, ಇವತ್ತು ಬೇಡ, ಇನ್ನೊಂದು ದಿನ ಇಟ್ಟುಕೊಳ್ಳೋಣ ಎಂದು ಕೇಳಿ ಮುಂದಿನ ತಾರೀಖು ಪಡೆಯುವುದೇ ವಾಯಿದೆ. ಎಲ್ಲ ವಕೀಲರೂ ಕೇಳುತ್ತಾರೆ. ಉಳಿದವರು ಕೇಳಿದರೆ ಕೈ ಚಾಚಿದ ಹಾಗಿರುತ್ತಿತ್ತು. ಮಾವ ಕೇಳಿದರೆ ಪಾಪ, ನ್ಯಾಯಾಧೀಶರಿಗೆ ಸ್ವಲ್ಪ ಬಿಡುವು ಮಾಡಿಕೊಡುತ್ತಿದ್ದಾರೆ ಅನ್ನಿಸುತ್ತಿತ್ತು. ಎದುರು ವಕೀಲರು ಆಕ್ಷೇಪಣೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಾರೀಖು ಬಿದ್ದಿರುತ್ತಿತ್ತು, ಮಾವ ಬಾಗಿಲ ಹತ್ತಿರ ಇರುತ್ತಿದ್ದರು.

ನಾನು ಅವರ ತಂಗಿಯ ಮಗಳು. ಕಾನೂನು ಓದಿ ಅವರ ಕೈಕೆಳಗೇ ಜೂನಿಯರ್ ಆಗಿ ಸೇರಿದೆ. ಕೋರ್ಟಿನ ಗೇಟಿನ ಒಳಗೆ ‘ಸಾರ್’, ಹೊರಗೆ ‘ಮಾವ’ ಅಂತ ಒಪ್ಪಂದವಾಗಿತ್ತು. ಮೊದಲ ದಿನವೇ ಗಾಬರಿಯಲ್ಲಿ ತುಂಬಿದ ಕೋರ್ಟಿನಲ್ಲಿ ‘ಮಾವ, ನಮ್ಮ ಕೇಸು ಕರೀತಿದಾರೆ’ ಅಂದುಬಿಟ್ಟೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ‘ಮಾವನವರಿಗೆ ಎಷ್ಟು ದಿನ ಬೇಕಂತೆ, ಕೇಳಮ್ಮ’ ಅಂದರು. ಎರಡು ತಿಂಗಳು ಸಿಕ್ಕಿತು. ಅವತ್ತಿನಿಂದ ವಕೀಲರ ಸಂಘದ ಕೋಣೆಯಲ್ಲಿ ನಾನು ‘ಸೊಸೆ’ಯಾದೆ. ಇವತ್ತಿಗೂ ನನ್ನ ನಿಜವಾದ ಹೆಸರು ಅಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ.

ಮಾವನ ಆಫೀಸು ಮಹಡಿಯ ಮೇಲೆ ಎರಡು ಕೋಣೆ. ಮುಂದಿನದರಲ್ಲಿ ಕಕ್ಷಿದಾರರು ಕೂರುವ ಉದ್ದದ ಬೆಂಚು. ಕೂತೂ ಕೂತೂ ಅದರ ನಡುಭಾಗ ಬಗ್ಗಿತ್ತು, ತುದಿಯಲ್ಲಿ ಕೂತವರೂ ಮೆಲ್ಲಗೆ ಮಧ್ಯಕ್ಕೆ ಜಾರುತ್ತಿದ್ದರು. ಒಳಗಿನದರಲ್ಲಿ ಗೋಡೆಯ ತುಂಬ ಕೇಸಿನ ಕಟ್ಟುಗಳು, ಒಂದು ದೊಡ್ಡ ಕ್ಯಾಲೆಂಡರು, ಶಬ್ದ ಮಾತ್ರ ಮಾಡುವ ಫ್ಯಾನು. ಬೆಳಿಗ್ಗೆ ದೊಡ್ಡ ಕಂಪನಿಗಳವರು ಬಂದು ಹೋಗುತ್ತಿದ್ದರು, ಅವರಿಂದ ಸಂಸಾರ ನಡೆಯುತ್ತಿತ್ತು. ಸಂಜೆ ಬೆಂಚಿನ ಮೇಲೆ ಕೂರುವವರು ಬೇರೆ: ಮನೆ ಖಾಲಿ ಮಾಡಬೇಕಾದ ಬಾಡಿಗೆದಾರರು, ಕೆಲಸ ಕಳೆದುಕೊಂಡವರು, ದೊಡ್ಡವರ ಜತೆ ಹೇಗೋ ತಗುಲಿಕೊಂಡ ಸಣ್ಣವರು. ಇವರಿಗೆಲ್ಲ ಮಾವನ ಹತ್ತಿರ ಒಂದೇ ಮದ್ದು.

‘ಗೆಲ್ಲೋದು ದೊಡ್ಡೋರ ಚಟ ಕಣೇ,’ ಅನ್ನುತ್ತಿದ್ದರು. ‘ನಮ್ಮವರು ಸೋಲದೇ ಇದ್ರೆ ಸಾಕು. ತೀರ್ಪು ಬಂದ್ರೆ ತಾನೇ ಸೋಲೋದು?’

ಇದು ತಮಾಷೆಯ ಮಾತಲ್ಲ, ಅವರ ಕಸುಬಿನ ತಿರುಳೇ ಅದು. ಕಾನೂನು ಉಳ್ಳವರ ಕಡೆ, ಕಾಲ ಇಲ್ಲದವರ ಕಡೆ ಅಂತ ಅವರ ನಂಬಿಕೆ. ಎಳೆದೂ ಎಳೆದೂ ಎಷ್ಟೋ ಮಾಲೀಕರು ಸುಸ್ತಾಗಿ ರಾಜಿಗೆ ಬಂದದ್ದನ್ನು ನಾನೇ ಕಂಡಿದ್ದೇನೆ. ಒಬ್ಬ ಫ್ಯಾಕ್ಟರಿ ಯಜಮಾನನಂತೂ ‘ಈ ಮನುಷ್ಯನ ಮುಖ ನೋಡೋಕಿಂತ ಆ ಕೆಲಸದವನನ್ನ ವಾಪಸ್ ಸೇರಿಸ್ಕೊಳ್ತೀನಿ’ ಅಂತ ಬರೆದು ಕೊಟ್ಟಿದ್ದ. ಹೀಗಾಗಿ ಮದ್ದು ಕೆಲಸ ಮಾಡುತ್ತಿರಲಿಲ್ಲ ಅಂತ ಹೇಳುವ ಹಾಗಿಲ್ಲ.

ಕಂಪನಿಗಳಿಂದ ಬಂದದ್ದರಲ್ಲಿ ದೊಡ್ಡ ಪಾಲು ಹಾಕಿ ಮಾವ ಒಂದು ಟ್ರಸ್ಟು ಮಾಡಿದರು. ದೊಡ್ಡಾಸ್ಪತ್ರೆಯ ಹಿಂದೆ, ರೋಗಿಗಳ ಕಡೆಯವರು ಮಲಗೋಕೆ, ಸ್ನಾನ ಮಾಡೋಕೆ, ಒಂದಿಷ್ಟು ಬೇಯಿಸಿಕೊಳ್ಳೋಕೆ ಮೂರಂತಸ್ತಿನ ಕಟ್ಟಡ ಕಟ್ಟಿಸಿದರು. ಅದಕ್ಕೂ ಮುಂಚೆ ಆ ಜನ ಆಸ್ಪತ್ರೆಯ ಮೆಟ್ಟಿಲ ಕೆಳಗೆ ಮಲಗುತ್ತಿದ್ದರು. ಆಮೇಲೆ ಬಡ ಮಕ್ಕಳಿಗೆ ಪುಸ್ತಕ, ಸಮವಸ್ತ್ರ, ಹಾಸ್ಟೆಲ್ಲು. ಟ್ರಸ್ಟಿನ ಕೆಲಸದಲ್ಲಿ ಮಾವ ಬೇರೆಯೇ ಮನುಷ್ಯ. ಬೆಳಿಗ್ಗೆ ಬಂದ ಅರ್ಜಿ ಸಂಜೆಗೆ ಇತ್ಯರ್ಥ. ಯಾರಾದರೂ ಟ್ರಸ್ಟಿ ಮುಂದಿನ ಸಭೆಯಲ್ಲಿ ನೋಡೋಣ ಅಂದರೆ ಕಣ್ಣು ಕೆಂಪಗೆ ಮಾಡುತ್ತಿದ್ದರು.

‘ಊರಿಗೆಲ್ಲ ಇವತ್ತೇ, ಮನೆಗೆ ಮಾತ್ರ ವಾಯಿದೆ,’ ಅನ್ನುತ್ತಿದ್ದರು ಅತ್ತೆ. ‘ಆ ಬಚ್ಚಲುಮನೆ ನಲ್ಲಿ ಸೋರೋಕೆ ಶುರುವಾದಾಗ ನನ್ನ ಕೂದಲು ಕಪ್ಪಗಿತ್ತು.’

ಸಂಜೆಯ ಬೆಂಚಿನವರಲ್ಲಿ ಟೈಲರಮ್ಮ ಒಬ್ಬರು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ರಸ್ತೆ ಕಡೆಯ ಆ ಕೋಣೆಯಲ್ಲೇ ಹೊಲಿಗೆ. ಓನರು ತನ್ನ ಮಗನಿಗೆ ಅಂಗಡಿ ಹಾಕಿಕೊಡಬೇಕು, ಮನೆ ಸ್ವಂತಕ್ಕೆ ಬೇಕು ಅಂತ ಕೇಸು ಹಾಕಿದ. ಸ್ವಂತಕ್ಕೆ ನಿಜವಾಗಿ ಬೇಕು ಅಂತ ಮಾಲೀಕ ತೋರಿಸಿದರೆ ಬಾಡಿಗೆದಾರರು ಬಿಡಲೇಬೇಕು, ಕಾನೂನು ಹಾಗಿದೆ. ಓನರು ಕೋರ್ಟಿಗೆ ಬಂದು ತನ್ನ ಹೇಳಿಕೆ ಕೊಟ್ಟೂ ಆಯಿತು. ಇನ್ನು ಮಾವ ಅವನಿಗೆ ಪ್ರಶ್ನೆ ಹಾಕಬೇಕು. ಅದಕ್ಕೆ ಪಾಟೀ ಸವಾಲು ಅನ್ನುತ್ತಾರೆ. ಅದು ಮುಗಿದರೆ ಕೇಸೂ ಮುಗಿದ ಹಾಗೆ. ಆದ್ದರಿಂದ ಮಾವ ಅದನ್ನು ಶುರುವೇ ಮಾಡಲಿಲ್ಲ. ಇಪ್ಪತ್ತು ವರ್ಷ ದಾಟಿತು.

ಆ ಮನೆಗೆ ನಾನು ಮೊದಲ ಸಲ ಹೋದದ್ದು ಒಂದು ಸಹಿ ಹಾಕಿಸಿಕೊಳ್ಳೋಕೆ. ಗೋಡೆಗೆ ಒಂದು ಮೊಳೆ ಇರಲಿಲ್ಲ. ಬಟ್ಟೆಗಳೆಲ್ಲ ಕುರ್ಚಿಯ ಬೆನ್ನ ಮೇಲೆ, ಕಿಟಕಿಯ ಸರಳಿನ ಮೇಲೆ. ಬಟ್ಟೆ ಕತ್ತರಿಸೋದು ನೆಲದ ಮೇಲೆ, ಮಂಡಿಯೂರಿಕೊಂಡು.

‘ಒಂದು ಮೇಜು ತಗೋಬಾರದಾ?’ ಅಂದೆ.

‘ಮೇಜು ದೊಡ್ಡದಮ್ಮ. ಈ ಬಾಗಿಲಲ್ಲಿ ಬಿಚ್ಚಿ ತಂದು ಒಳಗೆ ಜೋಡಿಸ್ಬೇಕು. ನಾಳೆ ಖಾಲಿ ಮಾಡಿ ಅಂದ್ರೆ?’ ಅಂದರು. ಎದ್ದು ನಿಲ್ಲೋಕೆ ಎರಡು ಸಲ ಪ್ರಯತ್ನ ಪಟ್ಟರು.

ಅವರಿಗೆ ಒಬ್ಬಳು ಮಗಳು. ಕೇಸು ಬಿದ್ದ ವರ್ಷ ಅವಳಿಗೆ ಮೂರು ವರ್ಷ. ಸಾಮಾನು ಬೀದಿಗೆ ಎಸೆಯುವ ದಿನ ಮಗು ಬೀದಿಯಲ್ಲಿ ನಿಲ್ಲಬಾರದು ಅಂತ ಅವಳನ್ನು ಬೇರೆ ಊರಿನಲ್ಲಿದ್ದ ತಮ್ಮ ಅಕ್ಕನ ಮನೆಯಲ್ಲಿ ಬಿಟ್ಟಿದ್ದರು. ಕೇಸು ಮುಗಿದ ಮೇಲೆ ಕರೆದುಕೊಂಡು ಬರೋದು ಅಂತ. ಇದನ್ನು ಟೈಲರಮ್ಮ ಅಳುತ್ತಾ ಹೇಳಲಿಲ್ಲ. ಸಾಮಾನು ಪಕ್ಕದ ಮನೆಯಲ್ಲಿ ಇಟ್ಟಿದೀನಿ ಅನ್ನೋ ಹಾಗೆ ಹೇಳಿದರು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. ನನಗೆ ಅಲ್ಲಿ ಹೆಚ್ಚು ಹೊತ್ತು ಕೂರೋಕಾಗಲಿಲ್ಲ.

ಮಾವನಿಗೆ ಟೈಲರಮ್ಮ ಅಂದರೆ ತಮ್ಮ ಗೆಲುವಿನ ಜೀವಂತ ಸಾಕ್ಷಿ. ಟ್ರಸ್ಟಿನ ಸಮವಸ್ತ್ರಗಳನ್ನು ಹೊಲಿಯುವ ಕೆಲಸವನ್ನೂ ಅವರಿಗೇ ಕೊಡಿಸಿದ್ದರು. ‘ಮನೆ ಉಳಿಸಿದೀನಿ, ಕೆಲಸ ಕೊಟ್ಟಿದೀನಿ, ಇನ್ನೇನು ಬೇಕು?’ ಅಂತ ಎದೆ ಮುಂದೆ ಮಾಡಿ ಹೇಳುತ್ತಿದ್ದರು. ಪ್ರತಿ ವಾಯಿದೆಗೂ ಟೈಲರಮ್ಮ ಒಂದು ದಿನದ ಹೊಲಿಗೆ ಬಿಟ್ಟು ಬಂದು ಕಾರಿಡಾರಿನ ಕಂಬಕ್ಕೊರಗಿ ನಿಂತಿರುತ್ತಿದ್ದರು. ಮಾವ ಹೊರಗೆ ಬಂದು ಹೆಬ್ಬೆಟ್ಟು ಎತ್ತಿ ತೋರಿಸುತ್ತಿದ್ದರು. ಅವರು ಕೈ ಮುಗಿದು ಹೋಗುತ್ತಿದ್ದರು.

ಹೀಗಿರುವಾಗ ಸರ್ಕಾರ ಮಾವನನ್ನು ಒಂದು ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿತು. ಕೋರ್ಟುಗಳಲ್ಲಿ ಕೇಸು ಯಾಕೆ ತಡವಾಗುತ್ತೆ ಅಂತ ಪತ್ತೆ ಹಚ್ಚುವ ಸಮಿತಿ! ಸಂಘದ ಕೋಣೆಯಲ್ಲಿ ಆ ವಾರ ಯಾರೂ ಕೆಲಸ ಮಾಡಲಿಲ್ಲ, ಬರೀ ನಕ್ಕರು. ‘ಪತ್ತೆ ಹಚ್ಚೋಕೆ ಕನ್ನಡಿ ಕೊಟ್ಟರೆ ಸಾಕಿತ್ತು’ ಅಂದವರು ಒಬ್ಬರು. ‘ಸಮಿತಿ ಮೊದಲನೇ ಸಭೇನೇ ಮುಂದಕ್ಕೆ ಹೋಗುತ್ತೆ ನೋಡ್ತಿರಿ’ ಅಂದವರು ಇನ್ನೊಬ್ಬರು.

ಮುಂದಕ್ಕೆ ಹೋಗಲಿಲ್ಲ. ಮಾವ ಪ್ರ್ಯಾಕ್ಟೀಸನ್ನು ಪೂರ್ತಿ ನನ್ನ ಕೈಗೆ ಕೊಟ್ಟು ಮೂರು ವರ್ಷ ಊರೂರು ಸುತ್ತಿದರು. ಸಣ್ಣ ಊರಿನ ಕೋರ್ಟುಗಳಲ್ಲಿ ದಿನಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂತು ನೋಡಿದರು. ಅಲ್ಲಿ ವಾಯಿದೆ ಕೇಳುತ್ತಿದ್ದವರು ಸಣ್ಣವರಲ್ಲ, ದೊಡ್ಡವರೇ. ಅಪಘಾತದಲ್ಲಿ ಕಾಲು ಕಳೆದುಕೊಂಡವನನ್ನು ವಿಮೆಯವರು ಎಳೆದಾಡಿಸುತ್ತಿದ್ದರು, ಹೆಂಡತಿಯನ್ನು ಬಿಟ್ಟವನು ಹೆಂಡತಿಯನ್ನು ಎಳೆದಾಡಿಸುತ್ತಿದ್ದ. ತಮ್ಮ ಮದ್ದು ಬೇರೆಯವರ ಕೈಯಲ್ಲಿ ವಿಷವಾಗಿದೆ ಅಂತ ಮಾವನಿಗೆ ಕೋಪ ಬಂತು. ಆ ಕೋಪದಲ್ಲೇ ವರದಿ ಬರೆದರು: ಯಾವ ಕೇಸಾದರೂ ಸರಿ, ಒಂದು ಕಡೆಯವರಿಗೆ ಮೂರೇ ವಾಯಿದೆ. ಸರ್ಕಾರ ಒಪ್ಪಿ ನಿಯಮ ಮಾಡಿತು. ಹಳೆಯ ಕೇಸುಗಳಿಗೂ ಅಲ್ಲಿಂದ ಮೂರು, ಅಷ್ಟೇ. ಪತ್ರಿಕೆಗಳಲ್ಲಿ ಮಾವನ ಫೋಟೋ ಬಂತು. ವಕಾಲತ್ತು, ದಾನ, ಸಾರ್ವಜನಿಕ ಸೇವೆ ಮೂರರಲ್ಲೂ ಎತ್ತಿದ ಕೈ ಅಂತ ಕೆಳಗೆ ಬರೆದಿತ್ತು. ಅತ್ತೆ ಅದನ್ನು ಓದಿ, ‘ನಲ್ಲಿ ವಿಷಯ ಹಾಕಿಲ್ವಲ್ಲ’ ಅಂದರು.

ಟೈಲರಮ್ಮನ ಕೇಸಿನಲ್ಲಿ ಮೂರು ವಾಯಿದೆಯನ್ನೂ ನಾನು ಮುಗಿಸಿದೆ. ನಮ್ಮ ಆಫೀಸಿನಲ್ಲಿ ಬೇರೆ ವಿದ್ಯೆ ಯಾರೂ ಕಲಿಸಿರಲಿಲ್ಲ. ನಾಲ್ಕನೇ ತಾರೀಖು ಹತ್ತಿರ ಬಂದಾಗ ಕಟ್ಟು ಬಿಚ್ಚಿ ನೋಡಿದೆ. ಓನರಿನ ಹೇಳಿಕೆ ಒಂದಿತ್ತು, ಉಳಿದದ್ದೆಲ್ಲ ನಮ್ಮ ವಾಯಿದೆ ಅರ್ಜಿಗಳು. ಜ್ವರ, ತುರ್ತು ಕೆಲಸ, ಸಂಬಂಧಿಕರ ಮದುವೆ. ಒಬ್ಬ ಮನುಷ್ಯನಿಗೆ ಅಷ್ಟು ಸಂಬಂಧಿಕರು ಇರೋಕೆ ಸಾಧ್ಯವೇ ಇಲ್ಲ. ಈ ಸಲ ಸೋತರೆ ಟೈಲರಮ್ಮ ಬೀದಿಗೆ ಬೀಳುತ್ತಾರೆ, ಬೀಳಿಸಿದ ನಿಯಮ ನಮ್ಮ ಮನೆಯದೇ.

ಸಂಜೆ ಮಾವನ ಮನೆಗೆ ಹೋದೆ. ಸಮಿತಿಯ ಅವಧಿ ಮುಗಿದಿತ್ತು, ಪೇಪರು ಓದುತ್ತಾ ಕೂತಿದ್ದರು.

‘ಮಾವ, ಟೈಲರಮ್ಮನ ಕೇಸು ಗುರುವಾರ. ಮೂರೂ ಆಯ್ತು.’

ಪೇಪರು ಕೆಳಗಿಟ್ಟರು. ‘ಮೂರೂನಾ? ಅಷ್ಟು ಬೇಗ ಹೆಂಗೆ ಮುಗಿಸ್ದೆ?’

‘ನೀವು ಇಪ್ಪತ್ತು ವರ್ಷ ಕೇಳಿದ್ದನ್ನೇ ನಾನೂ ಕೇಳ್ದೆ. ಈಗ ಪಾಟೀ ಸವಾಲು ಮಾಡ್ಲೇಬೇಕು. ಆ ಓನರಿಗೆ ಏನು ಕೇಳ್ಲಿ, ಹೇಳಿ.’

‘ಏನು ಕೇಳಿದ್ರೂ ಅಷ್ಟೇ. ಮಗನಿಗೆ ಅಂಗಡಿ ಬೇಕು ಅಂತಾನೆ. ಕೋರ್ಟು ಕೊಡುತ್ತೆ. ಅದಕ್ಕೇ ನಾನು ಅದನ್ನ ಮುಟ್ಟಿರ್ಲಿಲ್ಲ.’

‘ಹಾಗಾದ್ರೆ ಟೈಲರಮ್ಮನಿಗೆ ಏನ್ ಹೇಳೋದು?’

ಮಾವ ಪೇಪರನ್ನು ಮತ್ತೆ ಕೈಗೆತ್ತಿಕೊಂಡರು. ಒಳಗಿಂದ ಅತ್ತೆ, ‘ನಿಯಮ ಬರೆಯೋ ಮುಂಚೆ ಆಕೆ ನೆನಪಾಗ್ಲಿಲ್ವಾ?’ ಅಂದರು. ಅತ್ತೆಯ ದನಿಯಲ್ಲಿ ಗೇಲಿ ಇರಲಿಲ್ಲ. ನನಗೂ ಅದೇ ಪ್ರಶ್ನೆ ಇತ್ತು, ಕೇಳೋ ಧೈರ್ಯ ಇರಲಿಲ್ಲ.

‘ನಾನೇ ಬರ್ತೀನಿ,’ ಅಂದರು ಮಾವ. ‘ನನ್ನ ಮುಖ ನೋಡಿ ಒಂದು ಕೊಡ್ತಾರೆ.’

ಗುರುವಾರ ಮಾವ ಹಳೆಯ ಕರಿ ಕೋಟು ಹಾಕಿಕೊಂಡು ಬಂದರು. ವರದಿ ಬರೆದವರೇ ಬಂದಿದ್ದಾರೆ ಅಂತ ಕೋರ್ಟು ತುಂಬಿತ್ತು. ಟೈಲರಮ್ಮ ಈ ಸಲ ಕಾರಿಡಾರಿನಲ್ಲಿ ನಿಲ್ಲದೆ ಒಳಗೆ, ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದರು. ಓನರಿಗೂ ಈಗ ವಯಸ್ಸಾಗಿತ್ತು. ಯಾರದೋ ಕೈ ಹಿಡಿದುಕೊಂಡು ಕಟಕಟೆ ಹತ್ತಿದ.

ಮಾವ ಎದ್ದು ನಿಂತರು. ‘ಸ್ವಾಮಿ, ಕೇಸು ಬಹಳ ಹಳೇದು. ತಯಾರಿಗೆ ಒಂದೇ ಒಂದು ವಾಯಿದೆ...’

ನ್ಯಾಯಾಧೀಶರು ಇನ್ನೂ ಚಿಕ್ಕ ವಯಸ್ಸಿನವರು. ಎದ್ದು ನಿಲ್ಲುವುದೊಂದು ಬಾಕಿ, ಅಷ್ಟು ಗೌರವ ಮುಖದಲ್ಲಿ. ‘ಸಾರ್, ನಿಮ್ಮ ವರದೀನ ನಮಗೆ ತರಬೇತೀಲಿ ಪಾಠ ಮಾಡಿದಾರೆ. ನಾಲ್ಕನೆಯದು ಕೇಳುವವರ ಮುಖ ನೋಡಬಾರದು ಅಂತ ನೀವೇ ಬರೆದಿದೀರಿ.’ ಹೀಗೆಂದು ಅವರು ನಿಜವಾಗಿಯೂ ತಲೆ ತಗ್ಗಿಸಿ ಮೇಜನ್ನೇ ನೋಡುತ್ತಾ ಕೂತರು. ‘ಪಾಟೀ ಸವಾಲು ಶುರು ಮಾಡಿ ಸಾರ್.’

ಮಾವನ ಕೈ ಕೋಟಿನ ಗುಂಡಿಯ ಮೇಲೆ ನಿಂತೇ ಹೋಯಿತು. ಇಷ್ಟು ವರ್ಷಗಳಲ್ಲಿ ಅವರ ಮುಖ ಹೀಗೆ ಬಿಳಿಚಿಕೊಂಡದ್ದನ್ನು ನಾನು ನೋಡಿರಲಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಬಾರದು ಅಂತ ನನಗೆ ಕಲಿಸಿದವರು ಅವರು. ಅವತ್ತು ಅವರ ಹತ್ತಿರ ಉತ್ತರ ಗೊತ್ತಿರುವ ಪ್ರಶ್ನೆ ಒಂದೂ ಇರಲಿಲ್ಲ. ಕಟಕಟೆಯ ಹತ್ತಿರ ಹೋದರು.

‘ಈ ಮನೆ ನಿಮಗೆ ಯಾಕೆ ಬೇಕು ಅಂತ ಕೇಸು ಹಾಕಿದ್ದು?’

‘ಮಗನಿಗೆ ಅಂಗಡಿ ಹಾಕ್ಕೊಡೋಕೆ.’

‘ಮಗ ಈಗ ಎಲ್ಲಿದಾರೆ?’ ಅಂದರು ಮಾವ. ಕೇಳೋಕೆ ಏನೂ ತೋಚದೆ, ದಾರಿಯಲ್ಲಿ ಸಿಕ್ಕವರನ್ನು ವಿಚಾರಿಸಿದ ಹಾಗಿತ್ತು.

‘ಅಂಗಡೀಲಿ.’

‘ಯಾವ ಅಂಗಡೀಲಿ?’

ಓನರು ಮಾವನನ್ನು ಮೇಲಿಂದ ಕೆಳಗೆ ನೋಡಿದ. ‘ಇದೇ, ಎದುರುಗಡೆ ಜೆರಾಕ್ಸ್ ಅಂಗಡಿ. ಅವನದೇ ಅಲ್ವಾ? ನಿಮ್ಮ ಆಫೀಸಿನ ಕೆಲಸ ಎಲ್ಲಾ ಅಲ್ಲೇ ಆಗೋದು ಸಾರ್.’

ಕೋರ್ಟಿನಲ್ಲಿ ನಗು ಎದ್ದಿತು. ನಾನು ನಗಲಿಲ್ಲ. ಕಟ್ಟಿನ ತುಂಬ ಇದ್ದ ಆ ವಾಯಿದೆ ಅರ್ಜಿಗಳೆಲ್ಲ ಜೆರಾಕ್ಸ್ ಆದದ್ದು ಅಲ್ಲೇ. ರಸ್ತೆ ದಾಟಿದರೆ ಆ ಅಂಗಡಿ. ಅಂಗಡಿಯವನಿಗೆ ಅಪ್ಪ ಯಾರು ಅಂತ ಯಾರು ಕೇಳುತ್ತಾರೆ?

ಮಾವನ ದನಿ ಬದಲಾಯಿತು. ‘ಆ ಅಂಗಡಿ ಯಾವಾಗ ಹಾಕಿದ್ದು?’

‘ಕೇಸು ಹಾಕಿದ ಮುಂದಿನ ವರ್ಷ.’

‘ಹಾಗಾದ್ರೆ ಈ ಮನೆ ಅವರಿಗೆ...’

‘ಅವನಿಗೆ ಬೇಕಾಗಿಲ್ಲ.’

‘ನಿಮಗೆ?’

‘ನನಗೆ ಯಾಕೆ ಸಾರ್? ಕೇಸಿತ್ತು, ಬರ್ತಾ ಇದ್ದೆ.’

ಎದುರು ವಕೀಲರು ಹಣೆಗೆ ಕೈ ಹಚ್ಚಿ ಕೂತರು. ನ್ಯಾಯಾಧೀಶರು ಈಗ ತಲೆ ಎತ್ತಿದರು. ‘ಇದನ್ನ ಮೊದಲೇ ಯಾಕೆ ಹೇಳಲಿಲ್ಲ?’

‘ಯಾರು ಕೇಳಿದ್ರು ಸ್ವಾಮಿ?’ ಅಂದ ಓನರು. ಅವನಿಗೂ ರೇಗಿತ್ತು. ‘ಬಂದಾಗೆಲ್ಲ ಇನ್ನೊಂದಿನ ಬಾ ಅಂತ ಕಳಿಸಿದ್ರು. ನಾನಾಗೇ ವಾಪಸ್ ತಗೊಂಡ್ರೆ ಸೋತ ಹಾಗೆ ಅಂತ ನಮ್ಮ ವಕೀಲರು ಹೇಳಿದ್ರು.’

ಮಾವ ಕೂತರು. ಎದುರು ವಕೀಲರು ಎದ್ದು ಏನೋ ಎರಡು ಮಾತು ಹೇಳಿದರು, ಅವರಿಗೇ ಕೇಳಿಸಿತೋ ಇಲ್ಲವೋ. ನ್ಯಾಯಾಧೀಶರು ಅಲ್ಲೇ ಆದೇಶ ಹೇಳಿ ಬರೆಸಿದರು: ಮನೆ ಮಾಲೀಕರಿಗೆ ಸ್ವಂತಕ್ಕೆ ಬೇಕಾಗಿಲ್ಲ, ಕೇಸು ವಜಾ. ಎಲ್ಲ ಸೇರಿ ಅರ್ಧ ಗಂಟೆಯೂ ಹಿಡಿದಿರಲಿಲ್ಲ. ಸಂಘದವರು ಬಂದು ಮಾವನ ಕೈ ಕುಲುಕಿದರು. ಒಂದೇ ಪ್ರಶ್ನೆಗೆ ಇಪ್ಪತ್ತು ವರ್ಷದ ಕೇಸು ಹೊಡೆದುರುಳಿಸಿದರು, ಇದಕ್ಕೆ ಅನುಭವ ಅನ್ನೋದು ಅಂತ ಒಬ್ಬರು ಜೂನಿಯರ್‌ಗಳಿಗೆ ಹೇಳುತ್ತಿದ್ದರು. ಮಾವನ ಮುಖಕ್ಕೆ ಬಣ್ಣ ಮರಳಿ ಬಂತು. ಗೆಲುವಿನ ರುಚಿ ಅವರಿಗೆ ಹೊಸದು, ಚೆನ್ನಾಗಿಯೇ ಇತ್ತು ಅಂತ ಕಾಣುತ್ತೆ.

ಕಾರಿಡಾರಿನಲ್ಲಿ ಟೈಲರಮ್ಮ ಹತ್ತಿರ ಬಂದರು. ‘ಮುಂದಿನ ತಾರೀಖು ಯಾವತ್ತು ಸಾರ್?’

ಮಾವ ದೊಡ್ಡದಾಗಿ ನಕ್ಕರು. ‘ಇನ್ನು ತಾರೀಖಿಲ್ಲಮ್ಮ. ಮುಗೀತು! ಗೆದ್ವಿ. ಮನೆಯಿಂದ ನಿಮ್ಮನ್ನ ಯಾರೂ ಅಲ್ಲಾಡಿಸೋ ಹಾಗಿಲ್ಲ.’

ಅವರು ನನ್ನ ಮುಖ ನೋಡಿದರು. ನಾನು ಹೌದು ಅಂತ ತಲೆಯಾಡಿಸಿದೆ. ಕಂಬ ಹಿಡಿದುಕೊಂಡರು.

‘ಮಗಳನ್ನ ಕರ್ಕೊಂಡು ಬನ್ನಿ ಇನ್ನು,’ ಅಂದರು ಮಾವ. ‘ಎಷ್ಟನೇ ಕ್ಲಾಸು ಈಗ? ಟ್ರಸ್ಟಿನಿಂದ ಓದಿಸೋಣ.’

‘ಅವಳಿಗೆ ಈಗ ಎರಡು ಮಕ್ಕಳು ಸಾರ್,’ ಅಂದರು ಟೈಲರಮ್ಮ. ‘ನಮ್ಮ ಅಕ್ಕನ್ನೇ ಅಮ್ಮ ಅಂತಾಳೆ. ನನ್ನನ್ನ ಚಿಕ್ಕಮ್ಮ ಅಂತಾಳೆ.’

ಮಾವನ ನಗು ಮುಖದ ಮೇಲೆ ಹಾಗೇ ಉಳಿಯಿತು, ಏನು ಮಾಡಬೇಕು ಅಂತ ಅದಕ್ಕೆ ಗೊತ್ತಾಗಲಿಲ್ಲ. ಜನ ನಮ್ಮ ಅಕ್ಕಪಕ್ಕದಲ್ಲೇ ಓಡಾಡುತ್ತಿದ್ದರು, ಬೇರೆ ಕೋರ್ಟಿನಲ್ಲಿ ಯಾರದೋ ಹೆಸರು ಕೂಗುತ್ತಿದ್ದರು.

‘ಸಾರ್, ಒಂದು ಕೇಳ್ಲಾ?’ ಅಂದರು ಟೈಲರಮ್ಮ. ‘ಮಗ ಎಲ್ಲಿದಾನೆ ಅಂತ ಕೇಳಿದ್ರಲ್ಲ ಇವತ್ತು. ಅದನ್ನ ಅವತ್ತೇ ಕೇಳ್ಬಹುದಿತ್ತಾ?’

ಮಾವ ಆ ಕಡೆ ಈ ಕಡೆ ನೋಡಿದರು. ಸುಳ್ಳು ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ.

‘ಕೇಳ್ಬಹುದಿತ್ತಮ್ಮ.’

‘ಮತ್ತೆ?’

‘ಸೋತುಬಿಡ್ತೀವಿ ಅಂತ ಹೆದ್ರಿದ್ದೆ.’

ಟೈಲರಮ್ಮನ ಮುಖದಲ್ಲಿ ಕೋಪವೇನೂ ಕಾಣಲಿಲ್ಲ. ಅಳತೆ ತಪ್ಪಿದ ಬಟ್ಟೆಯನ್ನು ನೋಡುವ ಹಾಗೆ ಮಾವನನ್ನು ಸ್ವಲ್ಪ ಹೊತ್ತು ನೋಡಿದರು.

‘ಹೆದ್ರಿದ್ದು ನೀವು ಸಾರ್,’ ಅಂದರು. ‘ಮಗಳನ್ನ ಕೊಟ್ಟಿದ್ದು ನಾನು.’